ಆರಾಮಕುರ್ಚಿಯ ಕಾಲ ಮತ್ತು ಕಾಲು: ಒಂದು ಪಾಠಸಂಶೋಧನೆ

ಕವಿಗಳ ಕಾಲನಿರ್ಣಯಕ್ಕೆಂದು ಕನ್ನಡದ ವಿದ್ವಾಂಸರು ಸುರಿಸಿದ ಶಾಯಿಯಲ್ಲಿ ನೂರಕ್ಕೊಂದು ಪಾಲನ್ನೂ ಕುರ್ಚಿಗಳ ಕಾಲನಿರ್ಣಯಕ್ಕೆ ಖರ್ಚು ಮಾಡಿಲ್ಲ. ಆ ಶಾಯಿಯನ್ನೆಲ್ಲ ಸುರಿಸಿದ್ದು ಕುರ್ಚಿಯ ಮೇಲೆ ಕೂತೇ ಎಂಬುದನ್ನು ನೆನೆದರೆ ಇದು ಶುದ್ಧ ಕೃತಘ್ನತೆ. ಈ ಕೊರತೆಯನ್ನು ನೀಗುವ ವಿನಮ್ರ ಯತ್ನವಾಗಿ, ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯ ಜಗುಲಿಯಲ್ಲಿ ಒರಗಿರುವ ಏಕೈಕ ಪ್ರತಿಯನ್ನು ಆಧರಿಸಿ ಈ ಪ್ರಬಂಧವನ್ನು ಸಿದ್ಧಪಡಿಸಿದೆ. ಜಗುಲಿಯಲ್ಲಿ ದೊರೆತದ್ದರಿಂದ ಇದನ್ನು 'ಜ' ಪ್ರತಿ ಎಂದು ಕರೆಯುತ್ತೇನೆ. ಬೇರೆ ಪ್ರತಿಗಳು ಇಲ್ಲವಾದ್ದರಿಂದ ಹೆಸರಿನ ಅಗತ್ಯವಿರಲಿಲ್ಲ. ಆದರೆ ಹೆಸರಿಲ್ಲದೆ ಸಂಶೋಧನೆ ಶೋಭಿಸುವುದಿಲ್ಲ.

ಪ್ರತಿಯ ಸ್ಥಿತಿ ಹೀಗಿದೆ. ಹಿಂದಕ್ಕೆ ವಾಲಿದ ಬೆನ್ನು. ಅಗಲವಾದ ಕೈಗಳು, ಅವುಗಳ ಅಡಿಯಿಂದ ತಿರುಗಿ ಮುಂದಕ್ಕೆ ಚಾಚಿಕೊಳ್ಳುವ ಎರಡು ಹಲಗೆ. ಕೂತವರು ಅವುಗಳ ಮೇಲೆ ಒಂದೊಂದು ಕಾಲನ್ನು ನೀಡಿಕೊಳ್ಳಬಹುದು. ಕಾಫಿ ತೋಟದ ಬಂಗಲೆಗಳಲ್ಲಿ ಬಿಳಿ ದೊರೆಗಳು ಹೀಗೆ ಕೂರುತ್ತಿದ್ದುದರಿಂದ ಇಂಗ್ಲಿಷಿನಲ್ಲಿ ಇದು ಪ್ಲಾಂಟರ್ಸ್ ಚೇರ್. ನಮ್ಮಲ್ಲಿ ಆರಾಂ ಕುರ್ಚಿ. ಬೆತ್ತದ ಹೆಣಿಗೆಯಲ್ಲಿ ಲೋಪವಿದೆ. ಲೋಪದ ಮೂಲಕ ಬೆಕ್ಕು ಹಾಯುತ್ತದೆ. ಅಲ್ಲಲ್ಲಿ ಕುಟ್ಟೆ ಹುಳುಗಳು ಪಾಠವನ್ನು ತಿಂದಿವೆ. ಇದು ಓಲೆಗರಿ ಓದುವವರಿಗೆ ಹೊಸದೇನಲ್ಲ.

ಕಾಲದ ಬಗ್ಗೆ ಮೂರು ವಾದಗಳಿವೆ. ದೊಡ್ಡಪ್ಪನ ಪ್ರಕಾರ ಇದು ಕೆಳದಿ ಅರಸರ ಕಾಲದ್ದು. ಚಿಕ್ಕಪ್ಪನ ಪ್ರಕಾರ, ಊರು ಬಿಟ್ಟು ಹೋಗುವಾಗ ಒಬ್ಬ ದೊರೆ ಮುತ್ತಜ್ಜನಿಗೆ ಕಣ್ಣೀರಿಡುತ್ತ ಕೊಟ್ಟದ್ದು. ಮಾವ ಮಾತ್ರ ಇದನ್ನು ಹರಾಜಿನಲ್ಲಿ ಹಿಡಿದದ್ದು ಎನ್ನುತ್ತಾರೆ. ಮನೆಯ ಅಳಿಯನಾದ್ದರಿಂದ ಅವರ ವಾದವನ್ನು ಯಾರೂ ದಾಖಲಿಸಿಕೊಂಡಿಲ್ಲ.

ದೊಡ್ಡಪ್ಪನ ಬತ್ತಳಿಕೆಯಲ್ಲಿ ಒಂದು ಶಾಸನವಿದೆ. ಕುರ್ಚಿಯನ್ನು ಬೋರಲು ಹಾಕಿದರೆ ಆಸನದ ಪಟ್ಟಿಯ ಒಳಮೈಯಲ್ಲಿ ಮೂರು ನೆಟ್ಟ ಗೀಟು, ಒಂದು ಓರೆ ಗೀಟು ಕಾಣುತ್ತವೆ. ಇದು 'ಕೆ' ಅಕ್ಷರದ ಹಳೆಯ ರೂಪ, ಕೆ ಎಂದರೆ ಕೆಳದಿ ಎಂದು ಅವರ ಓದು. ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕದ 8ನೇ ಸಂಪುಟದಲ್ಲಿ ತೀರ್ಥಹಳ್ಳಿ ಸೀಮೆಯ ಶಾಸನಗಳಿವೆ, ಇದೊಂದು ಬಿಟ್ಟುಹೋಗಿದೆ. ರೈಸ್ ಸಾಹೇಬರು ಕುರ್ಚಿಯ ಮೇಲೆ ಕೂತಿರಬೇಕು, ಅಡಿಗೆ ಬಗ್ಗಿ ನೋಡಿರಲಿಕ್ಕಿಲ್ಲ. ದುರಸ್ತಿಗೆ ಬಂದ ಆಚಾರಿ ಮಾತ್ರ ಗೀಟುಗಳನ್ನು ಉಗುರಿನಿಂದ ಕೆರೆದು, "ಇದು ಜೋಡಿ ಗುರುತು. ಯಾವ ಕಚ್ಚಿಗೆ ಯಾವ ತುಂಡು ಕೂರಬೇಕು ಅಂತ ಕೆಲಸದವರು ಹಾಕ್ಕೊಳ್ಳೋದು" ಎಂದ. ಎದುರಿನ ಕಾಲಿನಲ್ಲೂ ಅದೇ ಗೀಟುಗಳಿದ್ದವು. ಹಾಗಾದರೆ ಇದು ಜೋಡಿ ಶಾಸನ ಎಂದು ದೊಡ್ಡಪ್ಪ ಹಿಗ್ಗಿದರು.

ಇನ್ನೊಂದು ಅಂತಃಸಾಕ್ಷ್ಯ ತಿರುಪು ಮೊಳೆ. ಮೂರು ಮೊಳೆಗಳ ತಲೆಯಲ್ಲಿ ಒಂದೇ ಗೀರು, ನಾಲ್ಕನೆಯದರಲ್ಲಿ ಅಧಿಕಚಿಹ್ನೆ. ಅಧಿಕಚಿಹ್ನೆಯ ತಿರುಪಿಗೆ ಅಮೆರಿಕದ ಹೆನ್ರಿ ಫಿಲಿಪ್ಸ್ ಪೇಟೆಂಟು ಪಡೆದದ್ದು 1930ರ ದಶಕದಲ್ಲಿ. ಕೆಳದಿ ಸಂಸ್ಥಾನ ಹೈದರಾಲಿಯ ಕೈಸೇರಿದ್ದು 1763ರಲ್ಲಿ. ಈ ಅಂತರವನ್ನು ದೊಡ್ಡಪ್ಪನ ಮುಂದಿಟ್ಟಾಗ ಅವರು ಒಂದೇ ಪದದಲ್ಲಿ ಉತ್ತರಿಸಿದರು: "ಪ್ರಕ್ಷಿಪ್ತ." ಯಾವ ಭಾಗ ನಮ್ಮ ವಾದಕ್ಕೆ ಒಗ್ಗುವುದಿಲ್ಲವೋ ಅದನ್ನು ಆಮೇಲೆ ಯಾರೋ ಸೇರಿಸಿದ್ದು ಎನ್ನುವ ಈ ವಿಧಾನ ದೊಡ್ಡ ದೊಡ್ಡ ಕಾವ್ಯಗಳನ್ನೇ ಕಾಪಾಡಿದೆ, ಕುರ್ಚಿಯನ್ನು ಕಾಪಾಡದೆ ಇದ್ದೀತೆ?

ಮರ ಯಾವುದು ಎಂಬಲ್ಲಿ ವಿದ್ವತ್ತಿಗಿಂತ ಮೂಗು ಹೆಚ್ಚು ಕೆಲಸಕ್ಕೆ ಬಂತು. ತೇಗವನ್ನು ಕೆರೆದರೆ ಹಳೆಯ ಚರ್ಮದ ವಾಸನೆ, ಕೈಗೆ ಎಣ್ಣೆಯ ಜಿಡ್ಡು. ಹಲಸು ಕೊಯ್ದಾಗ ಅರಿಸಿನ ಬಣ್ಣ, ವರ್ಷ ಕಳೆದಂತೆ ಕಂದು. ಬೀಟೆಗೆ ನೇರಳೆಗಪ್ಪು ಮೈ, ಕರಿಯ ಗೆರೆ, ಹೊಸ ಹೊಟ್ಟಿನಲ್ಲಿ ನವಿರು ಪರಿಮಳ. ಹೊನ್ನೆಯ ಚೂರನ್ನು ನೀರಿಗೆ ಹಾಕಿದರೆ ನೀರಿಗೆ ನೀಲಿ ಛಾಯೆ ಬರುತ್ತದೆ. ನಾನು ಅಡಿಯಿಂದ ಚಕ್ಕೆ ತೆಗೆದು ಲೋಟದಲ್ಲಿ ನೆನೆಹಾಕಿ, ನೀಲಿಗಾಗಿ ಕಾದೆ. ಸಕ್ಕರೆ ಕಾಯಿಲೆಯ ಚಿಕ್ಕಪ್ಪ ಅದನ್ನು ಹೊನ್ನೆ ನೀರೆಂದು ತಿಳಿದು ಕುಡಿದುಬಿಟ್ಟರು. ಅಂತೂ ನಿರ್ಣಯ: ಮೈಯೆಲ್ಲ ಬೀಟೆ, ಹಿಂದಿನ ಬಲಗಾಲು ಮಾತ್ರ ಹಲಸು. ಆ ಕಾಲು ಬೇರೆ ಕೈಯ ರಚನೆ. ಶೈಲಿ ಒರಟು, ಛಂದಸ್ಸಿನಲ್ಲಿ ಅರ್ಧ ಮಾತ್ರೆ ಕಡಿಮೆ. ಕೂತರೆ ಗೊತ್ತಾಗುತ್ತದೆ.

ಜೀರ್ಣೋದ್ಧಾರದ ವಿಷಯಕ್ಕೆ ಬಂದರೆ, ಮೂಲಪಾಠದ ಮೇಲೆ ಹಸಿರು ಎನಾಮೆಲ್ ಬಣ್ಣದ ಒಂದು ಟೀಕೆ ಇತ್ತು. ಕರ್ತೃ ಚಿಕ್ಕಪ್ಪ, ಸಂದರ್ಭ ಅವರ ಮದುವೆ. ಇಂಥ ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ಆಚಾರಿ ಮೂಗಿಗೆ ಬಟ್ಟೆ ಕಟ್ಟಿ, ಬಣ್ಣವನ್ನು ಮೆತ್ತಗೆ ಮಾಡಿಕೊಂಡು, ಗಾಜಿನ ಚೂರಿನ ಅಂಚಿನಿಂದ ಹೆರೆದ. ಅಡಿಯಲ್ಲಿ ಕೆಂಪುಗಂದು ಹೊಳಪು ಕಂಡಿತು. ಸ್ಪಿರಿಟ್ ಅದ್ದಿದ ಹತ್ತಿ ತಾಗಿಸಿದರೆ ಅಂಟಂಟಾಯಿತು; ಎಂದರೆ ಅರಗು. ಅರಗಿನ ಹುಳು ಸ್ರವಿಸಿದ ರಾಳವನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ತೆಳ್ಳಗೆ ಹತ್ತಾರು ಸಲ ಒರೆಸುವುದೇ ಫ್ರೆಂಚ್ ಪಾಲಿಶ್. ಕುರ್ಚಿಗೆ ಹೊಳಪು ಕೊಟ್ಟದ್ದೂ ಹುಳು, ತೂತು ಕೊರೆದದ್ದೂ ಹುಳು. ಈ ವಿಪರ್ಯಾಸದ ಮೇಲೆ ಬೇರೆಯೇ ಒಂದು ಪಿಎಚ್.ಡಿ. ಆಗಬೇಕು.

ಕುಟ್ಟೆ ಇನ್ನೂ ಬದುಕಿದೆಯೇ ಎಂದು ತಿಳಿಯಲು ರಾತ್ರಿ ಅಡಿಗೆ ಕರಿ ಬಟ್ಟೆ ಹಾಸಬೇಕು. ಬೆಳಿಗ್ಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಸಂಶೋಧಕರು ಒಳಗೆ ಕೆಲಸದಲ್ಲಿದ್ದಾರೆ ಎಂದರ್ಥ. ಬಿದ್ದಿತ್ತು. ತೂತುಗಳಿಗೆ ಮದ್ದು ಬಿಟ್ಟು, ಕಾಲುಗಳ ಅಡಿಗೆ ಗೇರೆಣ್ಣೆ ಹಚ್ಚಿದ್ದಾಯಿತು. ಸಡಿಲ ಕಚ್ಚುಗಳಿಗೆ ಆಚಾರಿ ಮರವಜ್ರದ ಅಂಟೇ ಬೇಕೆಂದ: ಬಿಸಿನೀರು ತಾಗಿಸಿದರೆ ಅದು ಬಿಡುತ್ತದೆ, ಮುಂದೆ ದುರಸ್ತಿ ಮಾಡುವವನಿಗೆ ದಾರಿ ಇರುತ್ತದೆ. ತನ್ನ ನಂತರವೂ ಒಬ್ಬ ಸಂಪಾದಕ ಬರುತ್ತಾನೆಂದು ನಂಬಿ ಕೆಲಸ ಮಾಡಿದ ವಿದ್ವಾಂಸನನ್ನು ನಾನು ನೋಡಿದ್ದು ಅದೇ ಮೊದಲು. ಪಾಲಿಶ್ ಮಾತ್ರ ಮಳೆ ಬಿಟ್ಟ ಮೇಲೆ ಎಂದ. ಥಂಡಿಯಲ್ಲಿ ಒರೆಸಿದರೆ ಅರಗು ಬೆಳ್ಳಗಾಗುತ್ತದೆ. ಮಲೆನಾಡಿನಲ್ಲಿ ಮಳೆ ಬಿಡುವುದೆಂದರೆ ದೀಪಾವಳಿ. ಅಷ್ಟರಲ್ಲಿ ಬೆತ್ತವನ್ನು ನೆನೆಸಿ ಹೆಣೆದದ್ದೂ ಆಯಿತು. ಒಣಗುತ್ತ ಅದು ತಾನೇ ಬಿಗಿಯಿತು.

ಇನ್ನು ಮರುವಸತಿ. ನ್ಯೂಜೆರ್ಸಿಯ ತಮ್ಮ ಕುರ್ಚಿ ತನಗೇ ಬೇಕೆಂದ. ಬೀಟೆ 2017ರ ಜನವರಿ 2ರಿಂದ, ವನ್ಯ ಪ್ರಾಣಿ-ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ. 10 ಕಿಲೋ ಮೀರಿದರೆ ಕಾಗದಪತ್ರ ಬೇಕು. ಅಡಿಕೆ ತೂಗುವ ತಕ್ಕಡಿಯಲ್ಲಿ ಇದು 19 ತೂಗಿತು. ಅದಕ್ಕಿಂತ ದೊಡ್ಡ ತೊಡಕು 1972ರ ಪುರಾವಸ್ತು ಕಾಯಿದೆ. ನೂರು ವರ್ಷ ದಾಟಿದ ಕಲಾಕುಸುರಿನ ವಸ್ತು ಪುರಾವಸ್ತು ಎನಿಸಿಕೊಂಡರೆ, ಖಾಸಗಿಯವರು ಅದನ್ನು ದೇಶದಾಚೆ ಒಯ್ಯುವಂತಿಲ್ಲ. ಇದನ್ನು ಓದಿ ಹೇಳಿದ ಸಂಜೆಯೇ ಕೆಳದಿಯ ವಾದ ಬಿದ್ದುಹೋಯಿತು. "ಹೆಚ್ಚೆಂದರೆ ತೊಂಬತ್ತು" ಎಂದರು ದೊಡ್ಡಪ್ಪ. ಮಾವನ ಹರಾಜಿಗೆ ಒಮ್ಮೆಲೇ ಮನ್ನಣೆ ಬಂತು. ಬೆಂಗಳೂರಿನ ತಂಗಿ ಅಳತೆ ಕೇಳಿದಳು, ಲಿಫ್ಟಿನ ಅಳತೆ ಕಳಿಸಿದಳು, ಆಮೇಲೆ ಮಾತಾಡಲಿಲ್ಲ.

ಇಷ್ಟು ಕಾಲ ಸಂಶೋಧಕನ ಕಣ್ಣಿಗೆ ಬೀಳದೆ ಉಳಿದ ಆಕರವೊಂದಿತ್ತು. ಅಜ್ಜನ ಮಗಳು, ನನ್ನ ಸೋದರತ್ತೆ, ವಯಸ್ಸು 84. ಕುರ್ಚಿಯ ಬಗ್ಗೆ ಏನಾದರೂ ಗೊತ್ತೇ ಎಂದು ಕೇಳಿದೆ.

"ನಾ ಕೂತವಳಲ್ಲ, ಒರೆಸಿದವಳು" ಎಂದರು. ಅಜ್ಜನ ಕುರ್ಚಿಯಲ್ಲಿ ಮನೆಯ ಹೆಂಗಸರು ಯಾರೂ ಕೂತದ್ದಿಲ್ಲವಂತೆ. ಆಮೇಲೆ ಸ್ವಲ್ಪ ತಡೆದು, "ಒಂದ್ಸಲ ಕೂತಿದ್ದೆ. ಹನ್ನೊಂದು ವರ್ಷ ನಂಗೆ. ಅಪ್ಪಯ್ಯ ಪೇಟೆಗೆ ಹೋಗಿದ್ರು. ಎರಡೂ ಕಾಲು ಮೇಲಿಟ್ಟು ಹಿಂದೆ ಒರಗಿದ್ದೇ ತಡ, ಆ ಮೂಲೆ ಕಾಲು ಲಟಕ್ ಅಂತು. ಕರು ಗುದ್ದಿತು ಅಂತ ಹೇಳಿದೆ."

ಹೀಗಾಗಿ 'ಜ' ಪ್ರತಿಯಲ್ಲಿ ಖಚಿತವಾದ ಕಾಲವಿರುವುದು ಆ ಪ್ರಕ್ಷಿಪ್ತ ಕಾಲಿಗೊಂದಕ್ಕೇ: 73 ವರ್ಷ.

ಮರುವಸತಿ ದೀಪಾವಳಿಯ ಮರುದಿನ ನೆರವೇರಿತು. ದೂರ 14 ಅಡಿ, ಜಗುಲಿಯಿಂದ ನಡುಮನೆಗೆ. ಅತ್ತೆ ಮೊದಲು ಸೆರಗಿನಿಂದ ಕೈಗಳನ್ನು ಒರೆಸಿದರು. ಕೂತರು. ಹಲಗೆಯೊಂದನ್ನು ಎಳೆದು ಒಂದು ಕಾಲನ್ನು ಇಟ್ಟರು. ಬಾಗಿಲ ಕಡೆ ಒಮ್ಮೆ ನೋಡಿದರು.

"ಈಗ ಮುರಿದ್ರೆ ಯಾರ ಮೇಲೆ ಹೇಳೋದು ಮಾರಾಯ? ಕೊಟ್ಟಿಗೇಲಿ ಕರುವೂ ಇಲ್ಲ" ಎನ್ನುತ್ತ ಇನ್ನೊಂದನ್ನೂ ಮೇಲಿಟ್ಟರು.