ಅಳಿಯನ ಇರುವೆ ಸಂಸಾರ

ದುಡ್ಡು ಕೊಟ್ಟು ಇರುವೆ ಕೊಳ್ಳುವವರಿದ್ದಾರೆ ಎಂದರೆ ನಮ್ಮ ಕಡೆಯ ಯಾವ ಹೆಂಗಸೂ ನಂಬುವುದಿಲ್ಲ. ಸಕ್ಕರೆ ಡಬ್ಬಿಯ ಮುಚ್ಚಳ ಚೂರು ಸಡಿಲ ಬಿಟ್ಟರೆ ಸಾಕು, ಬೇಕಾದಷ್ಟು ಪುಕ್ಕಟೆ ಬರುತ್ತವೆ. ಅವನ್ನು ಓಡಿಸಲು ನಾವು ಮಾಡದ ಉಪಾಯ ಯಾವುದಿದೆ ಹೇಳಿ. ಅರಿಸಿನ ಎರಚಿದ್ದಾಯಿತು, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದ್ದಾಯಿತು, ಸೀಮೆಸುಣ್ಣದಂಥ ಕಡ್ಡಿಯಲ್ಲಿ ಲಕ್ಷ್ಮಣರೇಖೆ ಎಳೆದದ್ದೂ ಆಯಿತು. (ರಾಮಾಯಣದಲ್ಲೂ ಅಷ್ಟೆ, ಅಡುಗೆಮನೆಯಲ್ಲೂ ಅಷ್ಟೆ, ದಾಟಬೇಕೆಂದವರು ದಾಟಿಯೇ ತೀರಿದರು.) ನಮ್ಮಜ್ಜಿ ಹಾಲು, ಮೊಸರು, ಬೆಲ್ಲ ಇಡುವ ಬೀರುವಿನ ನಾಲ್ಕೂ ಕಾಲಿಗೆ ನೀರು ತುಂಬಿದ ಬಟ್ಟಲು ಕೊಟ್ಟಿದ್ದರು. ಬೀರು ಸಮುದ್ರದ ನಡುವೆ ನಿಂತ ಲಂಕೆ, ಇರುವೆ ಬರಲಿ ನೋಡೋಣ ಎಂಬ ಗತ್ತು ಅಜ್ಜಿಯದು.

ಇಂಥ ವಂಶದಲ್ಲಿ ಹುಟ್ಟಿದ ನನ್ನ ಸೋದರಳಿಯ ಇರುವೆ ಸಾಕುತ್ತಾನೆ. ಹುಡುಗ ಓದಿದವನು, ಒಳ್ಳೆಯ ಕೆಲಸ, ಕೈತುಂಬ ಸಂಬಳ. ಅವನ ತಾಯಿ, ಅಂದರೆ ನಮ್ಮಕ್ಕ, ಮೊನ್ನೆ ಫೋನಿನಲ್ಲಿ ಗೋಳಾಡಿದಳು: "ನಾಯಿ ಬೇಡ ಅಂದಿದ್ದೆ, ಬೆಕ್ಕು ಬೇಡ ಅಂದಿದ್ದೆ, ಗಿಳಿಯೂ ಬೇಡ ಅಂದಿದ್ದೆ. ಇರುವೆ ಬೇಡ ಅಂತ ಮೊದಲೇ ಹೇಳಿಡಬೇಕು ಅಂತ ಯಾರಿಗಪ್ಪಾ ಹೊಳೆಯುತ್ತೆ?"

ಅವಳ ಮಾತಿನಲ್ಲೂ ನ್ಯಾಯವಿದೆ.

ಈ ಶೋಕಿಯಲ್ಲಿ ಮೊದಲ ಪಾಠವೇನೆಂದರೆ ಸಾಲು ಹಿಡಿದು ಹೋಗುವ ಇರುವೆಗಳನ್ನು ಬಾಚಿ ಡಬ್ಬಿಗೆ ತುಂಬಿದರೆ ಏನೂ ಗಿಟ್ಟುವುದಿಲ್ಲ. ಅವೆಲ್ಲ ಕೆಲಸಗಾರ ಹೆಣ್ಣುಗಳು, ಕೆಲವು ವಾರವೋ ತಿಂಗಳೋ ಬದುಕಿ ಮುಗಿದುಹೋಗುತ್ತವೆ. ಅಮೆರಿಕದಲ್ಲಿ ಮಿಲ್ಟನ್ ಲೆವಿನ್ ಎಂಬಾತ 1956ರಲ್ಲಿ ಎರಡು ಪ್ಲಾಸ್ಟಿಕ್ ಹಲಗೆಯ ನಡುವೆ ಮರಳು ತುಂಬಿ 'ಆ್ಯಂಟ್ ಫಾರ್ಮ್' ಎಂದು ಮಕ್ಕಳಿಗೆ ಮಾರಿದ. ಇರುವೆ ಅಂಚೆಯಲ್ಲಿ ಆಮೇಲೆ ಬರುತ್ತಿತ್ತು, ಆದರೆ ರಾಣಿ ಇಲ್ಲದೆ. ಇರುವೆ ಸತ್ತ ಮೇಲೆ ಮಗು ಅಳುವುದು, ಅಪ್ಪ ಮತ್ತೆ ತರಿಸುವುದು. ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಉಂಟೆ? ಲಕ್ಷಗಟ್ಟಲೆ ಖರ್ಚಾಯಿತು. ಅಳಿಯನಂಥ ಪಕ್ಕಾ ಸಾಕಣೆದಾರರಿಗೆ ಅದರ ಹೆಸರೆತ್ತಿದರೆ ಮೈಯುರಿ. "ಅದು ಸಾಕೋದಲ್ಲ ಮಾಮ, ಸಾಯಿಸೋದು. ರಾಣಿ ಬೇಕು, ರಾಣಿ!"

ರಾಣಿ ಸಿಗುವುದು ಮಳೆಯಲ್ಲಿ. ಭರಣಿಯೋ ಕೃತ್ತಿಕೆಯೋ ಒಂದು ಹದವಾಗಿ ಸುರಿದು, ನೆಲ ಇನ್ನೂ ಹಸಿಯಿದ್ದು, ಗಾಳಿ ಬಿದ್ದು, ಸೆಕೆ ಮತ್ತೆ ಏರಿದ ಸಂಜೆ ಒಂದೇ ಜಾತಿಯ ಗೂಡುಗಳೆಲ್ಲ ಮಾತಾಡಿಕೊಂಡವರ ಹಾಗೆ ರೆಕ್ಕೆಯ ಹೆಣ್ಣು-ಗಂಡುಗಳನ್ನು ಹೊರಗೆ ಬಿಡುತ್ತವೆ. ಮದುವೆ ಆಕಾಶದಲ್ಲೇ ಆಗುತ್ತದೆ. ಛತ್ರದ ಬಾಡಿಗೆಯೂ ಇಲ್ಲ, ಓಲಗವೂ ಇಲ್ಲ. ಹೆಣ್ಣು ಕೆಳಗಿಳಿದು, ಕಾಲಿನಿಂದ ಒತ್ತಿ ತನ್ನ ರೆಕ್ಕೆಗಳನ್ನು ತಾನೇ ಕಳಚಿ ಎಸೆದು, ಮಣ್ಣಿನಲ್ಲಿ ಬಿಲ ಹುಡುಕುತ್ತ ಓಡುತ್ತದೆ. ಹಿಡಿಯಬೇಕಾದದ್ದು ಈ ಓಡುವ ಹೊತ್ತಿನಲ್ಲಿ. ಗೂಡನ್ನೇ ಅಗೆದು ರಾಣಿಯನ್ನು ಕಿತ್ತು ತರುವುದು ಈ ಮಂದಿಯಲ್ಲಿ ಮಹಾಪಾಪ, ಏಕೆಂದರೆ ಹಿಂದೆ ಉಳಿದ ಸಂಸಾರ ಪೂರ್ತಿ ನಾಶ.

ಹೀಗಾಗಿ ಮಳೆ ನಿಂತಿತೆಂದರೆ ಅಳಿಯ ಟಾರ್ಚು, ಡಬ್ಬಿ ಹಿಡಿದು ಪಾರ್ಕಿನ ದೀಪದ ಕಂಬಗಳ ಸುತ್ತ ಬಗ್ಗಿಕೊಂಡು ತಿರುಗುತ್ತಾನೆ. ಒಮ್ಮೆ ಬೀಟಿನ ಪೊಲೀಸಪ್ಪ ಹಿಡಿದು ನಿಲ್ಲಿಸಿದರಂತೆ.

"ಏನ್ರೀ ಹುಡುಕ್ತಿದೀರಾ?"

"ರಾಣಿ ಸಾರ್."

"ಯಾವ ರಾಣಿ? ಯಾವ ಮನೆ ಹುಡುಗಿ?"

"ಯಾವ ಮನೆ ಅಂತ ಗೊತ್ತಿಲ್ಲ ಸಾರ್, ಈಗ ತಾನೇ ಮದುವೆ ಆಗಿ ಬಂದಿರ್ತಾಳೆ, ಗಂಡ ಸತ್ತಿರ್ತಾನೆ."

ಇಷ್ಟು ಹೇಳಿಯೂ ಠಾಣೆಗೆ ಹೋಗದೆ ಮನೆಗೆ ಬಂದದ್ದು ಅವನ ಪುಣ್ಯ. ಹೇಳಿದ್ದೇನೋ ಅಕ್ಷರಶಃ ನಿಜ. ಗಂಡಿರುವೆಗೆ ಆ ಒಂದು ಹಾರಾಟ ಬಿಟ್ಟರೆ ಬಾಳಿನಲ್ಲಿ ಬೇರೆ ಉದ್ಯೋಗವಿಲ್ಲ. ಇರುವೆಗೆ ರೆಕ್ಕೆ ಬಂದರೆ ಆಯಸ್ಸು ಮುಗಿಯಿತು ಎಂದು ಹಿರಿಯರು ಹೇಳುವುದು ಅವನ ಮಟ್ಟಿಗೆ ಸರಿಯೇ. ಹೆಂಡತಿಯ ಲೆಕ್ಕ ಬೇರೆ. ರೆಕ್ಕೆ ಬಿಸಾಡಿದ ಮೇಲೇ ಅವಳ ಆಯಸ್ಸು ಶುರು. ಆ ಸಂಜೆ ಪಡೆದ ವೀರ್ಯವನ್ನು ಹೊಟ್ಟೆಯೊಳಗಿನ ಪುಟ್ಟ ಚೀಲದಲ್ಲಿ ಜೋಪಾನ ಮಾಡಿಟ್ಟುಕೊಂಡು ವರ್ಷಗಟ್ಟಲೆ ಅದರಲ್ಲೇ ಸಂಸಾರ ತೂಗಿಸುತ್ತಾಳೆ. ಯುರೋಪಿನ ಒಂದು ಕಪ್ಪಿರುವೆಯ ರಾಣಿ ಸಾಕಿದವರ ಕೈಯಲ್ಲಿ 28 ವರ್ಷಕ್ಕೂ ಮಿಕ್ಕಿ ಬದುಕಿತ್ತು. ಬ್ಯಾಂಕಿನವರು ಮನೆಸಾಲ ಕೊಡುವುದೂ ಹೆಚ್ಚುಕಡಿಮೆ ಅಷ್ಟೇ ಅವಧಿಗೆ.

ರಾಣಿಯನ್ನು ಗುರುತಿಸುವುದೂ ಒಂದು ವಿದ್ಯೆ. ಅಳಿಯ ಮೊದಮೊದಲು ಡಬ್ಬಿತುಂಬ ಹೊತ್ತು ತಂದದ್ದು ಈಸಲು ಹುಳ. ಅದು ಗೆದ್ದಲಿನ ಜಾತಿ. ನಾಲ್ಕು ರೆಕ್ಕೆಯೂ ಒಂದೇ ಉದ್ದ, ಸೊಂಟವೇ ಇಲ್ಲ, ಮೀಸೆ ನೆಟ್ಟಗೆ. ಇರುವೆಗೆ ಮುಂದಿನ ರೆಕ್ಕೆ ಉದ್ದ, ಹಿಂದಿನದು ಗಿಡ್ಡ, ಸೊಂಟ ಸಣ್ಣ, ಮೀಸೆ ಮೊಣಕೈಯಂತೆ ಮಡಿಸಿರುತ್ತದೆ. ನಮ್ಮ ಹಳ್ಳಿಗಳಲ್ಲಿ ಈಸಲನ್ನು ಹುರಿದು ಪುರಿಯ ಜೊತೆ ತಿನ್ನುವವರಿದ್ದಾರೆ ಎಂದು ನಾನು ಹೇಳಿದಾಗ ಅವನ ಮುಖ ನೋಡಬೇಕಿತ್ತು. ಮಲೆನಾಡಿನಲ್ಲಿ ಚಗಳಿ ಇರುವೆಯ ಚಟ್ನಿ ಮಾಡುತ್ತಾರೆ ಎಂದೂ ಸೇರಿಸಿದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟ.

ಕಡೆಗೂ ಸಿಕ್ಕಿದ್ದು ಗೊದ್ದದ ರಾಣಿ. ಅವನು ಭೂತಗನ್ನಡಿ ಕೊಟ್ಟು ತೋರಿಸಿದ. ಮುಕ್ಕಾಲು ಅಂಗುಲದ ಹತ್ತಿರದ ಮಿರಿಮಿರಿ ಕಪ್ಪು ಮೈ. ಹಾರುವ ಸ್ನಾಯು ತುಂಬಿದ್ದರಿಂದ ಬೆನ್ನು ಗರಡಿಯಾಳಿನದರಂತೆ ಉಬ್ಬಿತ್ತು, ರೆಕ್ಕೆ ಮುರಿದ ಕಡೆ ಹೆಗಲ ಮೇಲೆ ಸಣ್ಣ ಕಲೆ. ಹಿಂಗಾಲನ್ನು ಒಂದೊಂದಾಗಿ ಎತ್ತಿ ಬಾಯಲ್ಲಿ ಹಾಯಿಸಿ ಶುಚಿ ಮಾಡಿಕೊಳ್ಳುತ್ತಿದ್ದಳು. ಮುಂಗಾಲಿನ ಗಿಣ್ಣಿನಲ್ಲಿ ಬಾಚಣಿಗೆಯೇ ಇದೆ. ಮೀಸೆಯನ್ನು ಅದರೊಳಗೆ ತೂರಿಸಿ ಬುಡದಿಂದ ತುದಿಯವರೆಗೆ ಎಳೆದಳು, ಮತ್ತೆ ಎಳೆದಳು. ಲಕ್ಷಣವಂತೆ ಎಂದು ನಾನೂ ಒಪ್ಪಿಕೊಳ್ಳಬೇಕಾಯಿತು.

ಅವಳ ಅರಮನೆ ಒಂದು ಟೆಸ್ಟ್ ಟ್ಯೂಬ್. ತಳದಲ್ಲಿ ನೀರು, ಅದಕ್ಕೆ ಅಡ್ಡ ಹತ್ತಿ, ನಡುವೆ ರಾಣಿ, ಬಾಯಿಗೆ ಮತ್ತೆ ಹತ್ತಿ. ಹತ್ತಿಯಿಂದ ತೇವ ಸಿಕ್ಕಿದರೆ ಸಾಕು, ಬೇರೆ ಊಟ ಬೇಡ. ಇನ್ನು ಮೇಲೆ ಹಾರುವುದಿಲ್ಲವಲ್ಲ, ಆ ಬೆನ್ನಿನ ಸ್ನಾಯು ಕರಗಿಯೇ ಅವಳಿಗೂ ಮೊದಲ ಮರಿಗಳಿಗೂ ಅನ್ನ. ಕತ್ತಲು ಬೇಕು, ಅಲುಗಾಟ ಕೂಡದು, ಮೇಲಿಂದ ಮೇಲೆ ನೋಡಕೂಡದು. ಹೆದರಿದರೆ ಮೊಟ್ಟೆಯನ್ನು ತಾನೇ ತಿಂದುಬಿಡುತ್ತಾಳೆ. ಅಳಿಯ ಟ್ಯೂಬನ್ನು ಬಟ್ಟೆಯ ಬೀರುವಿನೊಳಗಿಟ್ಟು ಇಡೀ ಮನೆಗೆ ಸೂತಕದಂಥ ಕಟ್ಟಳೆ ಹೇರಿದ. ಬಾಗಿಲು ಬಡಿಯಬೇಡಿ, ಮಿಕ್ಸಿ ಹಾಕಬೇಡಿ, ಕುಕ್ಕರು ಕೂಗಿಸಬೇಡಿ. "ನಿನ್ನನ್ನು ಹೆತ್ತಾಗಲೂ ನನಗೆ ಇಂಥ ಬಾಣಂತನ ಯಾರೂ ಮಾಡಲಿಲ್ಲ ಕಣೋ" ಎಂದಳು ಅಕ್ಕ.

ಈ ಶೋಕಿಯಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ: ಏನನ್ನೂ ಮಾಡದಿರಲು ಇಷ್ಟೊಂದು ಸಲಕರಣೆ! ನಾಯಿ ಸಾಕಿದವನು ಬೆಳಗ್ಗೆ ಎದ್ದು ವಾಕಿಂಗಿಗಾದರೂ ಹೋಗಬೇಕು. ಇವನು ಬೀರುವಿನ ಬಾಗಿಲು ತೆರೆಯದೆ ಎದುರಿಗೆ ಕೂರಬೇಕು. ಕೂತರೂ ಒಳಗಿರುವವಳು ನಿಜವಾಗಿ ಮದುವೆಯಾದವಳೇ ಎಂಬ ಖಾತರಿಯಿಲ್ಲ. ರೆಕ್ಕೆ ಉದುರಿಸಿಕೊಂಡ ಕನ್ಯೆಯರೂ ಇರುತ್ತಾರೆ. ಅವರೂ ಮೊಟ್ಟೆಯಿಡುತ್ತಾರೆ, ಆದರೆ ಕೂಡದೆ ಇಟ್ಟ ಮೊಟ್ಟೆಯಿಂದ ಬರುವುದೆಲ್ಲ ಗಂಡು. ಗಂಡು ಇರುವೆ ಒಂದು ಕಡ್ಡಿಯನ್ನೂ ಎತ್ತಿಡುವುದಿಲ್ಲ. ಅಂಥ ಸಂಸಾರ ಉದ್ಧಾರವಾಗದು ಎಂದು ಇರುವೆ ಶಾಸ್ತ್ರವೇ ಹೇಳುತ್ತದೆ. ನನ್ನಾಕೆ ಇದನ್ನು ಕೇಳಿ ನನ್ನ ಕಡೆ ಯಾಕೆ ತಿರುಗಿ ನೋಡಿದಳೋ ತಿಳಿಯದು.

ಈ ಹುಚ್ಚಿಗೆ ದೊಡ್ಡ ಮನುಷ್ಯರ ಪರಂಪರೆಯೇ ಇದೆ. ಇಂಗ್ಲೆಂಡಿನಲ್ಲಿ ಜಾನ್ ಲಬ್ಬಕ್ ಎಂಬ ಸಾಹೇಬನಿದ್ದ. ಬ್ಯಾಂಕಿನ ಯಜಮಾನ, ಪಾರ್ಲಿಮೆಂಟ್ ಸದಸ್ಯ, ಚಾರ್ಲ್ಸ್ ಡಾರ್ವಿನ್‌ನ ನೆರೆಮನೆಯವ. 1871ರಲ್ಲಿ ಕಾನೂನು ತಂದು ಅಲ್ಲಿನ ಬ್ಯಾಂಕುಗಳಿಗೆ ರಜೆ ಕೊಡಿಸಿದವನು ಇವನೇ. ರಜೆಯಲ್ಲಿ ಏನು ಮಾಡುತ್ತಿದ್ದ ಎಂದರೆ, ಗಾಜಿನ ಹಲಗೆಗಳ ನಡುವೆ ಇರುವೆ ಸಾಕುತ್ತಿದ್ದ. ಗೂಡಿನವರು ತಮ್ಮವರನ್ನು ಹೇಗೆ ಗುರುತಿಸುತ್ತಾರೆ, ಏನಾದರೂ ಗುಪ್ತ ಸಂಕೇತ ಉಂಟೇ ಎಂದು ತಿಳಿಯಬೇಕಾಯಿತು. ಮೈಮೇಲೆ ಎಚ್ಚರವೇ ಇಲ್ಲದವನು ಸಂಕೇತ ಕೊಡಲಾರನಲ್ಲ! ಅದಕ್ಕೆ ಇರುವೆಗಳಿಗೆ ಕುಡಿಸಲು ಹೊರಟ. ಮರ್ಯಾದಸ್ತ ಇರುವೆಗಳು ಕುಡಿಯಲಿಲ್ಲ. ಸಾಹೇಬ ಬಿಡುವವನೇ? ಹಿಡಿದು ವಿಸ್ಕಿಯಲ್ಲಿ ಅದ್ದಿ ತೆಗೆದ. ಅಮಲೇರಿ ಬಿದ್ದವರನ್ನು ಗೂಡಿನ ಕುಡಿಯದ ಇರುವೆಗಳು ಬಂದು ಮೂಸಿ ನೋಡಿ, ತಮ್ಮವರನ್ನು ಹೆಚ್ಚಾಗಿ ಮನೆಗೆ ಹೊತ್ತೊಯ್ದವು, ಪರರನ್ನು ಹೆಚ್ಚಾಗಿ ಎತ್ತಿ ಸುತ್ತಲಿನ ನೀರಿಗೆ ಎಸೆದವು. ನಮ್ಮ ಬೀದಿಯಲ್ಲೂ ರಾತ್ರಿ ಹತ್ತರ ಮೇಲೆ ಇದೇ ಪ್ರಯೋಗ ನಡೆಯುತ್ತದೆ, ಬರೆದಿಡುವವರಿಲ್ಲ. ಲಬ್ಬಕ್ ಬರೆದಿಟ್ಟ, 1882ರಲ್ಲಿ ಪುಸ್ತಕವೇ ಬಂತು. ನೇರಳೆಯ ಆಚೆಗಿನ, ನಮ್ಮ ಕಣ್ಣಿಗೆ ಬೀಳದ ಬೆಳಕು ಇರುವೆಗೆ ಗೊತ್ತಾಗುತ್ತದೆ ಎಂದು ತೋರಿಸಿಕೊಟ್ಟವನೂ ಇವನೇ. ಕೆಂಪು ಮಾತ್ರ ಇರುವೆಗೆ ಸರಿಯಾಗಿ ಕಾಣದು. ಅಳಿಯ ಟ್ಯೂಬಿಗೆ ಕೆಂಪು ಬಣ್ಣದ ಹಾಳೆ ಸುತ್ತಿ ಕದ್ದು ನೋಡುವುದು ಅದಕ್ಕೇ. ಲಬ್ಬಕ್ ಸಾಕಿದ ಒಂದು ರಾಣಿ 15 ವರ್ಷದ ಹತ್ತಿರಕ್ಕೆ ಬಾಳಿತು. ಅಷ್ಟರಲ್ಲಿ ಅಲ್ಲಿನ ಸರ್ಕಾರಗಳೇ ಎಷ್ಟೋ ಬಿದ್ದೆದ್ದವು.

ಅಂತೂ ತಿಂಗಳಿಗೂ ಮಿಕ್ಕಿ ಕಾದ ಮೇಲೆ ನಮ್ಮ ಗೊದ್ದದ ಮನೆಯಲ್ಲಿ ಚೊಚ್ಚಲು ಮಕ್ಕಳು ಹೊರಬಂದವು. ಬಿಳಿಯ ಜೀರಿಗೆ ಮಿಠಾಯಿಯಂತೆ ಕಾಣುವುದನ್ನು ನಾವು ಇರುವೆ ಮೊಟ್ಟೆ ಎನ್ನುತ್ತೇವಲ್ಲ, ಅದು ಮೊಟ್ಟೆಯಲ್ಲ, ಒಳಗೆ ಮಗು ಮಲಗಿರುವ ರೇಷ್ಮೆಯ ಗೂಡು. ತಾಯಿ ಅದನ್ನು ಕಚ್ಚಿ ಬಿಚ್ಚಿ ಎಳೆದು ತೆಗೆಯುತ್ತಾಳೆ. ಉಪವಾಸದ ಕಾಲದಲ್ಲಿ ಬೆಳೆದ ಈ ಮೊದಲ ಹೆಣ್ಣುಮಕ್ಕಳು ಬಡಕಲು, ಗಿಡ್ಡ. ಸಾಕುವವರು ನ್ಯಾನಿಟಿಕ್ ಎನ್ನುತ್ತಾರೆ. ಆದರೆ ಹುಟ್ಟಿದ ಕೂಡಲೇ ಮನೆವಾರ್ತೆ ಅವರದೇ, ಅಮ್ಮ ಮೊಟ್ಟೆಯಿಡುವುದು ಬಿಟ್ಟು ಇನ್ನೊಂದು ಕೆಲಸ ಮುಟ್ಟುವುದಿಲ್ಲ. ಅವಳನ್ನು ರಾಣಿ ಎಂದು ಕರೆದವನಿಗೆ ಆಳ್ವಿಕೆಯ ಗಂಧ ಇರಲಿಲ್ಲ. ಅವಳ ಅಪ್ಪಣೆ ಕೇಳುವವರು ಆ ಮನೆಯಲ್ಲಿ ಯಾರೂ ಇಲ್ಲ.

ಅಪ್ಪಣೆ ನಡೆಯುವುದು ಅಳಿಯನ ಮೇಲೆ ಮಾತ್ರ. ದೊಡ್ಡ ಇರುವೆಗೆ ಗಟ್ಟಿ ಆಹಾರ ನುಂಗಲಾಗದು, ರಸ ಬೇಕು. ಅದಕ್ಕೆ ಜೇನಿನ ನೀರು. ಮರಿಗಳು ಬೆಳೆಯಲು ಮಾಂಸ ಬೇಕು. ಮೂರು ತಲೆಮಾರಿನಿಂದ ಈರುಳ್ಳಿಯನ್ನೂ ಮುಟ್ಟದ ಮನೆಯಲ್ಲಿ ಈಗ ಫ್ರಿಜ್ಜಿನ ಮೂಲೆಯ ಡಬ್ಬಿಯಲ್ಲಿ ಜಿರಲೆಯ ಕಾಲು! ಅಕ್ಕ ಡಬ್ಬಿ ತೆರೆದ ದಿನದ ವರ್ಣನೆ ಇಲ್ಲಿ ಬೇಡ.

ಟ್ಯೂಬಿನಿಂದ ದೊಡ್ಡ ಪೆಟ್ಟಿಗೆಗೆ ವಾಸ ಬದಲಾಯಿತು. ಪೆಟ್ಟಿಗೆಯ ಅಂಚಿಗೆ ಟಾಲ್ಕಂ ಪೌಡರನ್ನು ಸ್ಪಿರಿಟ್ಟಿನಲ್ಲಿ ಕಲಸಿ ಬಳಿದ. ಒಣಗಿದ ಮೇಲೆ ಆ ಪುಡಿಯಲ್ಲಿ ಇರುವೆಯ ಕಾಲು ನಿಲ್ಲದು. ಅದೂ ಸಾಲದೆಂದು ಪೆಟ್ಟಿಗೆಯನ್ನು ಸ್ಟೂಲಿನ ಮೇಲಿಟ್ಟು, ಸ್ಟೂಲಿನ ನಾಲ್ಕೂ ಕಾಲಿಗೆ ನೀರು ತುಂಬಿದ ಬಟ್ಟಲು ಕೊಟ್ಟ. ಅಜ್ಜಿಯದೇ ಹಿತ್ತಾಳೆ ಬಟ್ಟಲು! ಅಜ್ಜಿ ಇರುವೆ ಬಾರದಿರಲಿ ಎಂದು ಇಟ್ಟರು, ಮರಿಮೊಮ್ಮಗ ಇರುವೆ ಹೋಗದಿರಲಿ ಎಂದು ಇಟ್ಟ. ಇಷ್ಟೆಲ್ಲ ಮಾಡಿದರೂ ಅಡುಗೆಮನೆಯ ಸಕ್ಕರೆ ಡಬ್ಬಿಗೆ ಹೊರಗಿನ ಇರುವೆ ಬರುವುದು ತಪ್ಪಿಲ್ಲ. ಅವನ್ನು ಮಾತ್ರ ಅಳಿಯ ನಿರ್ದಾಕ್ಷಿಣ್ಯವಾಗಿ ಒರೆಸಿ ಎಸೆಯುತ್ತಾನೆ. ಕೇಳಿದರೆ, "ಅವು ನಮ್ಮವಲ್ಲ ಮಾಮ" ಎನ್ನುತ್ತಾನೆ. ಲಬ್ಬಕ್‌ನ ಕುಡಿಯದ ಇರುವೆಗಳಿಗೂ ಇವನಿಗೂ ಏನು ವ್ಯತ್ಯಾಸ?

ಆಸೆ ಒಂದಕ್ಕೆ ನಿಲ್ಲುವುದಿಲ್ಲ. ಈಗ ಅವನಿಗೆ ಜಿಗಿಯುವ ಇರುವೆಯ ಕನಸು. ಇದು ನಮ್ಮ ಜೋಗದ ಕಡೆಯೂ ಇರುವ ಜಾತಿ, ಉದ್ದ ದವಡೆ, ದೊಡ್ಡ ಕಣ್ಣು, ಹಾರಿ ಬೇಟೆ ಹಿಡಿಯುತ್ತದೆ, ನೆಲದೊಳಗಿನ ಕೋಣೆಯ ಗೋಡೆಗೆ ಹಳೆಯ ರೇಷ್ಮೆಗೂಡಿನ ಚೂರು ಅಂಟಿಸಿ ವಾಲ್‌ಪೇಪರ್ ಮಾಡಿಕೊಳ್ಳುತ್ತದೆ. ಅದರ ರಾಣಿ ಸತ್ತರೆ ಕೆಲಸದ ಹೆಣ್ಣುಗಳು ಮೀಸೆಯಲ್ಲಿ ಬಡಿದಾಡಿ, ಗೆದ್ದವರು ಮೊಟ್ಟೆಯಿಡಲು ಕೂರುತ್ತಾರೆ. ಕೂತ ಮೇಲೆ ಮಿದುಳು ಐದರಲ್ಲೊಂದು ಪಾಲಿನಷ್ಟು ಕುಗ್ಗುತ್ತದೆ. ಪಟ್ಟದಿಂದ ಇಳಿಸಿದರೆ ಮತ್ತೆ ಬೆಳೆಯುತ್ತದೆ ಎಂದು ವಿಜ್ಞಾನಿಗಳು 2021ರಲ್ಲಿ ತೋರಿಸಿದರು. ನಮ್ಮಲ್ಲಿ ಕುರ್ಚಿ ಬಿಟ್ಟವರಿಗೆ ಹೀಗೆ ಮತ್ತೆ ಬೆಳೆದದ್ದನ್ನು ಯಾರಾದರೂ ಕಂಡಿದ್ದರೆ ತಿಳಿಸಿ.

ಹಣಕ್ಕೂ ಈ ಲೋಕದಲ್ಲಿ ಬರವಿಲ್ಲ, ಅದೇ ಕೇಡು. 2025ರಲ್ಲಿ ಕೀನ್ಯಾದಲ್ಲಿ ಬೆಲ್ಜಿಯಂನ ಇಬ್ಬರು ಹದಿಹರೆಯದ ಹುಡುಗರು ಸುಮಾರು 5,000 ರಾಣಿ ಇರುವೆಗಳೊಂದಿಗೆ ಸಿಕ್ಕಿಬಿದ್ದರು. ಎಲ್ಲ ಟ್ಯೂಬುಗಳಲ್ಲಿ, ಹತ್ತಿಯ ಸಮೇತ. ನ್ಯಾಯಾಲಯ ಹತ್ತು ಲಕ್ಷ ಶಿಲ್ಲಿಂಗ್ ದಂಡ ಕಟ್ಟಿ, ಇಲ್ಲವೇ ಒಂದು ವರ್ಷ ಜೈಲಿನಲ್ಲಿರಿ ಎಂದಿತು. ಹಾಗೆ ಕಿತ್ತರೆ ಅಲ್ಲಿ ಮುಂದಿನ ವರ್ಷದ ಗೂಡುಗಳೆಷ್ಟು ಕಡಿಮೆಯಾದವು ಎಂಬುದು ಒಂದು ಕಡೆ. ಪರದೇಶದಲ್ಲಿ ಡಬ್ಬಿಯಿಂದ ತಪ್ಪಿಸಿಕೊಂಡರೆ ಅಲ್ಲಿನ ಇರುವೆಗಳ ಗತಿಯೇನು ಎಂಬುದು ಇನ್ನೊಂದು. ಊರ ಮಳೆಯಲ್ಲಿ ಊರ ರಾಣಿಯನ್ನು ಹಿಡಿದು ಸಾಕುವ ಅಳಿಯನ ಹುಚ್ಚು ಈ ಮಟ್ಟಿಗೆ ವಾಸಿ ಎಂದು ನಾನು ಅವನ ಪರ ವಕಾಲತ್ತು ಹಾಕಿದ್ದೇನೆ. ಅದೂ ಒಂದು ಸಂಕಟದ ಸಂದರ್ಭದಲ್ಲಿ.

ಹೋದ ವಾರ ಹುಡುಗಿಯ ಕಡೆಯವರು ಮನೆಗೆ ಬಂದಿದ್ದರು. ಕೇಸರಿಬಾತು, ಬೋಂಡ, ಕಾಫಿ ಎಲ್ಲ ಸಾಂಗವಾಯಿತು. ಅಕ್ಕ ಸ್ಟೂಲಿನ ಮೇಲಿನ ಪೆಟ್ಟಿಗೆಗೆ ಜರಿಯ ಶಾಲು ಹೊದಿಸಿ, ದೇವರ ಪೆಟ್ಟಿಗೆ ಎಂಬಂತೆ ಎದುರಿಗೆ ಒಂದು ಹೂವನ್ನೂ ಇಟ್ಟಿದ್ದಳು. ಹುಡುಗಿಯ ಅಜ್ಜಿ ಬಲು ಚುರುಕು.

"ಮನೆಯಲ್ಲಿ ಒಟ್ಟು ಎಷ್ಟು ಜನಪ್ಪಾ?" ಎಂದು ಹುಡುಗನನ್ನೇ ಕೇಳಿದರು.

ಅಳಿಯ ಶಾಲು ಹೊದ್ದ ಪೆಟ್ಟಿಗೆಯ ಕಡೆ ತಿರುಗಿ, ಬೆರಳು ಮಡಿಸುತ್ತ ಎಣಿಸಲು ಶುರುಮಾಡಿದ.