ಕರೆಂಟಿನ ಸಾಹುಕಾರರು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಯಾವ ಓಣಿಯಲ್ಲಿ ನಿಂತು ಕರೆದರೂ ಓಗೊಡುವಷ್ಟು ಹೇರಳವಾಗಿ ದೊರೆಯುವ ಒಂದು ಬಗೆಯ ಮಹನೀಯರುಂಟು. ವಯಸ್ಸು ಐವತ್ತರ ಆಚೀಚೆ. ಕಬ್ಬು ಬೆಳೆಯುವ ನೀರಾವರಿ ಹೊಲ, ಹೊಲದ ದಂಡೆಗೊಂದು ಪಂಪಸೆಟ್ಟಿನ ಖೋಲಿ, ಮನೆಯ ಬಾಗಿಲಿಗೊಂದು ಜೀಪು, ಜೀಪಿನ ಹಿಂದುಗಡೆಗೊಂದು ಮುಧೋಳ ನಾಯಿ, ಇವು ಬಾಹ್ಯಲಕ್ಷಣಗಳು. ಆದರೆ ಇವಿಷ್ಟೇ ಆಧಾರದಿಂದ ನಿರ್ಣಯಿಸಹೊರಟರೆ ಅರ್ಧ ತಾಲೂಕೇ ಆ ಜಾತಿಗೆ ಸೇರಿಬಿಡುವುದು. ನಿಜವಾದ ಲಕ್ಷಣವಿರುವುದು ಅಂಗಿಯ ಜೇಬಿನಲ್ಲಿ; ಇತರರು ಪೆನ್ನು ಸಿಕ್ಕಿಸಿಕೊಳ್ಳುವ ಸ್ಥಾನದಲ್ಲಿ ಅವರು ಟೆಸ್ಟರನ್ನು ಸಿಕ್ಕಿಸಿಕೊಂಡಿರುತ್ತಾರೆ. ಮದುವೆಯ ಮನೆಗೆ ಹೋದರೆ, ವಧೂವರರ ಮೇಲೆ ಅಕ್ಷತೆ ಬೀಳುವುದಕ್ಕೆ ಮುಂಚೆಯೇ ಮಂಟಪದ ಸ್ವಿಚ್‌ಬೋರ್ಡನ್ನು ಆ ಆಯುಧದಿಂದ ಸ್ಪರ್ಶಿಸಿ, "ಅರ್ಥಿಂಗ್ ಬರೋಬರಿ ಇಲ್ಲ ನೋಡ್ರಿ ಇಲ್ಲೆ" ಎಂದು ಬೀಗರ ಎದೆ ಝಲ್ಲೆನ್ನುವಂತೆ ಘೋಷಿಸಿದ ಹೊರತು ಅವರು ಊಟದ ಪಂಕ್ತಿಗೆ ಕೂರುವವರಲ್ಲ. ಊರು ಇವರನ್ನು ಸಾಹುಕಾರರೆಂದು ಕರೆಯುತ್ತದೆ. ನಾನೂ ಹಾಗೆಯೇ ಕರೆಯುತ್ತೇನೆ.

ಜೀಪಿನ ವಿಷಯದಲ್ಲಿ ಅವರನ್ನು ಪರಿಹಾಸ್ಯ ಮಾಡುವುದು ನ್ಯಾಯವಲ್ಲ. ಮಹೀಂದ್ರಾ ಕಂಪನಿಯವರು ವಿಲ್ಲಿಸ್ ಜೀಪುಗಳನ್ನು ಈ ದೇಶದಲ್ಲಿ ಜೋಡಿಸತೊಡಗಿದ 1947ರಿಂದ ಮೊದಲುಗೊಂಡು, 2010ರಲ್ಲಿ ಥಾರ್ ಎಂಬ ಅದರ ವಂಶಜನು ಅವತರಿಸುವವರೆಗೆ, ಆ ವಾಹನಕ್ಕೆ ತಕ್ಕ ನೆಲವೊಂದು ಎಲ್ಲಾದರೂ ಇದ್ದರೆ ಅದು ಕೃಷ್ಣೆ ಘಟಪ್ರಭೆಗಳ ನಡುವಿನ ಈ ಎರೆಯ ಭೂಮಿಯೇ ಸರಿ. ಬೇಸಗೆಯಲ್ಲಿ ಗೇಣಗಲ ಬಾಯ್ಬಿಡುವ ಈ ಕರಿನೆಲವು ಒಂದು ಮಳೆಗೆ ಎಂತಹ ಅಂಟಾಗಿ ಪರಿಣಮಿಸುವುದೆಂದರೆ, ಮಡ್‌ಗಾರ್ಡಿಗೂ ಗಾಲಿಗೂ ನಡುವೆ ಕೈಯಾಡಿಸಲೂ ಎಡೆಯಿಲ್ಲದಂತೆ ರಾಡಿ ತುಂಬಿಕೊಂಡು, ನಾಲ್ಕು ಗಾಲಿಗೂ ಎಂಜಿನಿನ ಬಲವಿಲ್ಲದ ಯಾವ ವಾಹನವೂ ನಿಂತಲ್ಲಿಂದ ಮಿಸುಕದು. ಹೀಗಾಗಿ ಜೀಪು ನ್ಯಾಯವಾದದ್ದು. ನಮ್ಮ ಕಥೆ ಇರುವುದು ಆ ಜೀಪಿನೊಳಗೆ ಅವರು ತುಂಬುವ ಸಾಮಗ್ರಿಯಲ್ಲಿ, ಅದರಲ್ಲೂ ಇನ್ವರ್ಟರಿನಲ್ಲಿ.

ಬ್ಯಾಟರಿಯ 12 ವೋಲ್ಟಿನ ನೇರ ವಿದ್ಯುತ್ತನ್ನು ಮನೆಯ 230 ವೋಲ್ಟಿನ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸಿ ಕೊಡುವ ಆ ಡಬ್ಬಿಯು ಜೀಪಿನಲ್ಲಿ ಏಕಿರಬೇಕೆಂದು ಕೇಳಿದರೆ ಸಾಹುಕಾರರು ಹತ್ತು ಕಾರಣಗಳನ್ನು ಕೊಡುವರು. ಬೆಂಗಳೂರಿನಿಂದ ಬಂದ ಮಗನು ಹೊಲದಲ್ಲೇ ಕುಳಿತು ಲ್ಯಾಪ್‌ಟಾಪಿನಲ್ಲಿ ನೌಕರಿ ಮಾಡಬಹುದು. ರಾತ್ರಿ ನೀರು ಹಾಯಿಸುವಾಗ ದೀಪ ಹಚ್ಚಬಹುದು. ಪೈಪು ಒಡೆದರೆ ಡ್ರಿಲ್ಲು ನಡೆಸಬಹುದು. ನಿಜವಾದ ಕಾರಣವು ಈ ಹತ್ತರಲ್ಲಿ ಇಲ್ಲ. ಹಿಂದಿನ ಎಳ್ಳಮಾಸೆಯಂದು ಬೀಳಗಿಯ ಬೀಗರು ತಮ್ಮ ಹೊಲಕ್ಕೆ ಪೆಟ್ರೋಲಿನ ಜನರೇಟರೊಂದನ್ನು ತಂದು, ಬಂದ ಬಳಗಕ್ಕೆಲ್ಲ ಬನ್ನಿಗಿಡದ ಕೆಳಗೆ ಫ್ಯಾನಿನ ಗಾಳಿ ಹಾಕಿಸಿದ್ದರು. ಮಾರ್ಗಶಿರದ ಚಳಿಯಲ್ಲಿ ಫ್ಯಾನು ಯಾರಿಗೂ ಬೇಕಿರಲಿಲ್ಲ. ಆದರೂ ಎಲ್ಲರೂ ಅದರ ಮುಂದೆ ಕುಳಿತು ನಡುಗುತ್ತ ಹೊಗಳಿದರು.

ಈ ಸೀಮೆಯಲ್ಲಿ ಕರೆಂಟು ಕೊಡುವವನ ಗೌರವವೆಂತಹುದೆಂಬುದು ಹೊರಗಿನವರಿಗೆ ತಿಳಿಯಲಾರದು. ಜಮಖಂಡಿ ಮುಧೋಳಗಳೆರಡೂ ಸಂಸ್ಥಾನಗಳಾಗಿದ್ದುವು. ಒಂದರಲ್ಲಿ ಪಟವರ್ಧನರು, ಇನ್ನೊಂದರಲ್ಲಿ ಘೋರ್ಪಡೆಯವರು. ಕೊಡುವವನು ಅರಮನೆಯಲ್ಲಿಯೂ ಬೇಡುವವನು ಅದರ ಬಾಗಿಲಲ್ಲಿಯೂ ಇರುತ್ತಿದ್ದ ಆ ವ್ಯವಸ್ಥೆಯು 1948ರ ವಿಲೀನೀಕರಣದೊಡನೆ ಮುಗಿಯಿತೆಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಪಂಪಸೆಟ್ಟುಗಳಿಗೆ ಮಾತ್ರ ಇಂದಿಗೂ ದಿನಕ್ಕೆ 7 ತಾಸು, ಅದೂ ಪಾಳಿಯ ಮೇಲೆ, ಒಂದು ವಾರ ಹಗಲಾದರೆ ಇನ್ನೊಂದು ವಾರ ಅಪರಾತ್ರಿಯಲ್ಲಿ, ತ್ರೀಫೇಸು ಪ್ರಸಾದವಾಗಿ ಬರುತ್ತದೆ. ರೈತನು ಕಂಬಳಿ ಹೊದ್ದು ಸ್ಟಾರ್ಟರಿನ ಪೆಟ್ಟಿಗೆಯ ಮುಂದೆ ಕಾದು ಕೂರುತ್ತಾನೆ. ಇಂತಹ ಕಾಯುವಿಕೆಗೆ ಈ ಜನರಲ್ಲಿ ಎರಡು ಬಗೆಯ ಉತ್ತರಗಳಿವೆ. ಒಂದು ಉತ್ತರ ಚಿಕ್ಕಪಡಸಲಗಿಯಲ್ಲಿದೆ: ಸರಕಾರದ ದಾರಿ ನೋಡದೆ ರೈತರೇ ಹಣ ಕೂಡಿಸಿ, ಮೈಬೆವರು ಸುರಿಸಿ, 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿ ನಿಲ್ಲಿಸಿದ ಬ್ಯಾರೇಜು, ಅದರ ನೀರಿಗೆ ಶ್ರಮಬಿಂದು ಸಾಗರವೆಂಬ ಹೆಸರು ಎಷ್ಟು ಒಪ್ಪುತ್ತದೆ! ಎರಡನೆಯ ಉತ್ತರ ನಮ್ಮ ಸಾಹುಕಾರರು. ಅವರು ಕರೆಂಟಿನ ಕಚೇರಿಗೆ ಅರ್ಜಿ ಬರೆಯುವುದರಲ್ಲಿ ಸಿದ್ಧಹಸ್ತರು. ಅರ್ಜಿ ಫಲಿಸದಿದ್ದಾಗ ತಾವೇ ಒಂದು ಕಿರುಸಂಸ್ಥಾನವನ್ನು ನಾಲ್ಕು ಗಾಲಿಗಳ ಮೇಲೆ ಸ್ಥಾಪಿಸಬಯಸುವವರು.

ಇನ್ವರ್ಟರಿನ ಆಯ್ಕೆಯು ಕನ್ಯಾನ್ವೇಷಣೆಗಿಂತ ದೀರ್ಘವಾಗಿ ನಡೆಯಿತು. ಜಮಖಂಡಿಯ ಅಂಗಡಿಯ ಹುಡುಗನು ಮೊದಲು ತೋರಿಸಿದ್ದು ಅಂಗೈಯಗಲದ, 150 ವಾಟಿನ, ಸಿಗರೇಟು ಹೊತ್ತಿಸುವ ತೂತಿಗೆ ಚುಚ್ಚುವ ಒಂದು ಸಾಧನ. ಆ ತೂತಿನ ಫ್ಯೂಜು ಸಾಮಾನ್ಯವಾಗಿ 10ರಿಂದ 15 ಆಂಪಿಯರಿನದಾದ್ದರಿಂದ ಅದಕ್ಕಿಂತ ಹೆಚ್ಚಿನ ಭಾರವನ್ನು ಅದು ಹೊರದು. ಮಗನ ಲ್ಯಾಪ್‌ಟಾಪಿಗೆ, ನಾಲ್ಕು ಮೊಬೈಲಿಗೆ, ಒಂದೆರಡು ದೀಪಕ್ಕೆ ಅದು ಧಾರಾಳವಾಗಿ ಸಾಕು. ನನ್ನನ್ನು ಕೇಳಿದ್ದರೆ ಅದನ್ನೇ ತೆಗೆದುಕೊಳ್ಳಿರೆಂದು ಹೇಳುತ್ತಿದ್ದೆ. ಅವರು ಕೇಳಲಿಲ್ಲ. "ಇದನ್ನ ಬೀಗರ ಮುಂದ ಇಟ್ರ ಕಣ್ಣಿಗೇ ಬೀಳಾಂಗಿಲ್ಲಲ್ಲೋ ತಮ್ಮಾ" ಎಂದು ಬದಿಗಿಟ್ಟರು.

ಎರಡನೆಯದು ಮೇಲೆ ದೊಡ್ಡ ಅಕ್ಷರಗಳಲ್ಲಿ 2000 ವಾಟ್ ಎಂದು ಸಾರುತ್ತಿದ್ದ ಪೆಟ್ಟಿಗೆ. ಸಾಹುಕಾರರು ಕನ್ನಡಕವನ್ನು ಹಣೆಗೇರಿಸಿ, ಅದನ್ನು ಬೋರಲು ಹಾಕಿ, ಇರುವೆಗಾತ್ರದ ಅಕ್ಷರಗಳನ್ನು ಓದಿದರು: ಆ 2000 ಎಂಬುದು ಕ್ಷಣಮಾತ್ರದ ಉತ್ಕರ್ಷ, ನಿರಂತರವಾಗಿ ಕೊಡುವುದು 1000. ಅದೂ ಮಾಡಿಫೈಡ್ ಸೈನ್ ವೇವ್, ಅಂದರೆ ನುಣುಪಾಗಿ ಏರಿಳಿಯಬೇಕಾದ ವಿದ್ಯುತ್ತಿನ ಅಲೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದುಕೊಡುವ ಅಗ್ಗದ ಪದ್ಧತಿ. ಅದರಲ್ಲಿ ಮೋಟರು ಗುಂಯ್ಯೆಂದು ನರಳುತ್ತದೆ, ಕಾಯುತ್ತದೆ. "ನಮ್ಮ ಹಳೀ ಮನ್ಯಾಗಿನ ಇನ್ವರ್ಟರಿಗೆ ಫ್ಯಾನ್ ಹೆಂಗ ಒದರತಿತ್ತು, ನಾ ಕೇಳಿಲ್ಲೇನು?" ಎಂದು ಹುಡುಗನ ಬಾಯಿ ಮುಚ್ಚಿಸಿ, ಕಡೆಗೆ 1500 ವಾಟಿನ ಪ್ಯೂರ್ ಸೈನ್ ವೇವ್ ಯಂತ್ರವನ್ನು ಆರಿಸಿದರು. ಬೆಲೆ ಕೇಳಿ ಹುಡುಗನೇ ಬೆಚ್ಚಿದನು, ಏಕೆಂದರೆ ಅಂತಹದನ್ನು ಅವನು ಅದುವರೆಗೆ ಮಾರಿರಲಿಲ್ಲ. ಇದಿಷ್ಟೂ ಒಂದು ಮಿಕ್ಸರಿನ ಸಲುವಾಗಿ: 750 ವಾಟಿನ ಮಿಕ್ಸರು, ಎಳ್ಳಮಾಸೆಯಂದು ಹೊಲಕ್ಕೆ ನೈವೇದ್ಯ ಚೆಲ್ಲುವ ಚರಗದ ದಿನ, ಹೊಲದ ನಡುವೆ ತಿರುಗಬೇಕು, ಅದೂ ಬೀಗರ ಜನರೇಟರಿನಂತೆ ಒದರದೆ, ನಿಶ್ಶಬ್ದವಾಗಿ.

ಸುದ್ದಿ ಬನಹಟ್ಟಿಗೆ ಮುಟ್ಟಿತು. ಅಲ್ಲಿ ಅವರ ಹೆಂಡತಿಯ ತಮ್ಮನಿಗೆ ಪವರ್‌ಲೂಮುಗಳಿವೆ. ಕರೆಂಟು ಹೋದೊಡನೆ ಓಣಿಗೆ ಓಣಿಯೇ ಖಟಖಟವನ್ನು ನಿಲ್ಲಿಸಿ ಚಹಾ ಕುಡಿಯಲು ಹೊರಡುವ ಊರದು. "ಮಾಮಾ, ನಿಮ್ಮ ಜೀಪಿನ ಮ್ಯಾಲ ಒಂದ್ ಮಗ್ಗ ನಡೀತೈತೇನ್ರಿ?" ಎಂದು ಆತನು ಫೋನಿನಲ್ಲಿ ಕೇಳಿದ್ದು ಪ್ರಾಯಶಃ ಹಾಸ್ಯಕ್ಕೆ. ಸಾಹುಕಾರರು ಹಾಸ್ಯವನ್ನು ಅರಿಯರು. ಒಂದು ಎಚ್‌ಪಿ ಎಂದರೆ 746 ವಾಟು, 1500ರಲ್ಲಿ ಅದು ಅರ್ಧ, "ಯಾಕ ನಡ್ಯಾಂಗಿಲ್ಲ?" ಎಂದುಬಿಟ್ಟರು. ನಿಂತ ಮೋಟರು ಎದ್ದು ತಿರುಗುವ ಮೊದಲ ಕ್ಷಣದಲ್ಲಿ ತನ್ನ ನಿತ್ಯದ ಪಾಲಿನ ಐದಾರು ಪಟ್ಟು ವಿದ್ಯುತ್ತನ್ನು ಬೇಡುತ್ತದೆಂಬ ಸತ್ಯವು ಆ ರಾತ್ರಿ ಹಾಸಿಗೆಯಲ್ಲಿ ಅವರಿಗೆ ಹೊಳೆದಿರಬೇಕು. ಮರುದಿನದಿಂದ ಬನಹಟ್ಟಿಯ ಫೋನನ್ನು ಅವರು ಎತ್ತಲಿಲ್ಲ.

ಜೋಡಣೆಗೆ ಮುಧೋಳದ ವೈರಿಂಗ್ ಮಿಸ್ತ್ರಿಯನ್ನು ಕರೆಸಲಾಯಿತು. ಆತನು ಮನೆಗಳಿಗೆ ವೈರು ಎಳೆದೇ ಕೂದಲು ನರೆಸಿಕೊಂಡವನು. ಜೀಪಿಗೂ ಮನೆಯ ಎರಡೂವರೆ ಎಂಎಂ ವೈರಿನ ಸುರುಳಿಯನ್ನೇ ಹಿಡಿದು ಬಂದನು. ಇಲ್ಲಿ ಮಾತ್ರ ನಾನು ಸಾಹುಕಾರರ ಪಕ್ಷ. ಅವರು ಮಿಸ್ತ್ರಿಯನ್ನು ಬಾನೆಟ್ಟಿನ ಮುಂದೆ ನಿಲ್ಲಿಸಿ ಉಪದೇಶಿಸಿದ್ದು ಹೀಗೆ: "ನೋಡಪಾ, ಟಾಕಿ ಮ್ಯಾಲ ಇದ್ರ ಸಣ್ಣ ಪೈಪಿನ್ಯಾಗೂ ನೀರ ಜೋರ ಬರತಾವ. ಟಾಕಿ ತಳಗಿದ್ರ? ಅಷ್ಟ ನೀರ ಬೇಕಂದ್ರ ನಾಕಿಂಚ ಪೈಪ ಹಾಕಬೇಕು. ಹನ್ನೆರಡ ವೋಲ್ಟ ಅಂದ್ರ ತಳಗಿನ ಟಾಕಿ." ಲೆಕ್ಕವೂ ಅದೇ. 1500 ವಾಟು 230 ವೋಲ್ಟಿನಲ್ಲಿ ಆರೂವರೆ ಆಂಪಿಯರು. 12 ವೋಲ್ಟಿನಲ್ಲಿ 125, ಯಂತ್ರದ ನಷ್ಟವನ್ನು ಕೂಡಿಸಿದರೆ 140ರ ಸಮೀಪ. ಮನೆಯ ವೈರನ್ನು ಹಾಕಿದ್ದರೆ ಅದು ವೈರಾಗಿ ಉಳಿಯದೆ ಒಲೆಯಾಗುತ್ತಿತ್ತು. 35 ಚದರ ಎಂಎಂ ತಾಮ್ರದ ಕೇಬಲ್ಲು ಬಂತು, ಕಿರುಬೆರಳು ಗಾತ್ರದ್ದು. ಉದ್ದ ಹೆಚ್ಚಾದಷ್ಟೂ ವೋಲ್ಟು ಸೋರುವುದರಿಂದ ಅದನ್ನು ಆದಷ್ಟು ಮೋಟಾಗಿ ಕತ್ತರಿಸಿದರು. ಬ್ಯಾಟರಿಯಿಂದ ಗೇಣು ದೂರದಲ್ಲೇ ದೊಡ್ಡ ಫ್ಯೂಜು ಕುಳಿತಿತು, ಏಕೆಂದರೆ ಕೇಬಲ್ಲು ಎಲ್ಲಿಯಾದರೂ ಉಜ್ಜಿ ಜೀಪಿನ ತಗಡಿಗೆ ತಾಗಿದರೆ ಬೆಂಕಿ ಹೊತ್ತುವುದನ್ನು ಇನ್ವರ್ಟರಿನ ಬಳಿಯ ಫ್ಯೂಜು ತಡೆಯಲಾರದು.

ಯಂತ್ರವನ್ನಿಡುವ ಸ್ಥಳದ ಬಗ್ಗೆ ವಾದವಾಯಿತು. ಬಾನೆಟ್ಟಿನೊಳಗೆ ಶಾಖ, ನೆಲದ ಮೇಲೆ ರಾಡಿ. ಕಡೆಗೆ ಹಿಂದಿನ ಸೀಟಿನ ಪಕ್ಕದಲ್ಲಿ, ಗಾಳಿಯಾಡುವಂತೆ ಒಂದಿಷ್ಟು ಎತ್ತರಿಸಿ, ಬೋಲ್ಟು ಬಿಗಿದರು. ಅದು ನಾಯಿಯ ಪಿತ್ರಾರ್ಜಿತ ಸ್ಥಾನವಾಗಿತ್ತು. ಅಂಚೆ ಇಲಾಖೆಯವರು 2005ರಲ್ಲಿ ಚೀಟಿ ಅಚ್ಚು ಹಾಕಿಸಿ ಗೌರವಿಸಿದ ತಳಿಯ ಆ ಪ್ರಾಣಿಯು, ಒಂದು ದಿನ ಮುನಿಸಿಕೊಂಡು ದೂರವಿದ್ದು, ಎರಡನೆಯ ದಿನ ಡಬ್ಬಿಯು ಬೆಚ್ಚಗಿರುವುದನ್ನು ಕಂಡುಹಿಡಿದು, ತನ್ನ ಬಡಕಲು ಮೈಯನ್ನು ಸರಿಯಾಗಿ ಅದರ ಗಾಳಿಕಂಡಿಗೇ ಒತ್ತಿ ಮಲಗಿತು. ಅಂದಿನಿಂದ ಇನ್ವರ್ಟರು ಕಾದು ಚೀರುವುದು, ಸಾಹುಕಾರರು ಜೀಪು ನಿಲ್ಲಿಸಿ ನಾಯಿಯನ್ನು ಸರಿಸುವುದು, ನಾಯಿ ಮರಳಿ ಅಲ್ಲಿಗೇ ಬರುವುದು ನಿತ್ಯವಿಧಿಯಾಯಿತು. ಮುಂಭಾಗದಲ್ಲಿ ಕೆಂಪಂಕಿಗಳ ವೋಲ್ಟ್ ಮೀಟರನ್ನೂ ಕೂರಿಸಿದ್ದರು. ಎಂಜಿನು ನಡೆಯುವಾಗ 14, ನಿಂತಾಗ ಹನ್ನೆರಡೂವರೆ. ಅವರು ರಸ್ತೆಯನ್ನು ನೋಡುವುದು ಆ ಅಂಕಿಗಳ ನಡುವೆ ಬಿಡುವು ಸಿಕ್ಕಾಗ ಮಾತ್ರ.

ಎಳ್ಳಮಾಸೆ ಬಂತು. ಬೀಳಗಿಯ ಬೀಗರು ಸಪರಿವಾರರಾಗಿ ಆಹ್ವಾನಿತರಾಗಿದ್ದರು. ಚರಗ ಚೆಲ್ಲಿಯಾದ ಮೇಲೆ ಕಂಬಳಿ ಹಾಸಿ, ಸಜ್ಜೆರೊಟ್ಟಿ, ಎಣಗಾಯಿ, ಎಳ್ಳಹೋಳಿಗೆಗಳ ಬುಟ್ಟಿಗಳನ್ನು ಬಿಚ್ಚುತ್ತಿರಲಾಗಿ, ಸಾಹುಕಾರರು ಜೀಪಿನಿಂದ ಮಿಕ್ಸರನ್ನು ಎರಡು ಕೈಗಳಲ್ಲಿ ಎತ್ತಿ ತಂದು, ಅರೆಯಲು ಏನನ್ನಾದರೂ ಕೊಡಬೇಕೆಂದು ಹೆಂಡತಿಗೆ ಅಪ್ಪಣೆ ಮಾಡಿದರು.

"ಹಿಂಡಿ ಎಲ್ಲಾ ಮನ್ಯಾಗ ಕುಟಗೊಂಡೇ ಬಂದೇನ್ರಿ. ಹೊಲದಾಗ ಅರ‍್ಯಾಕ ಏನೈತಿ?"

"ಕುಟ್ಟಿದ್ದನ್ನ ಕೊಡು."

"ಕುಟ್ಟಿದ್ದನ್ನ ಮತ್ತೇನ ಕುಟ್ಟತೀರಿ!"

ಆದರೂ ಗುರೆಳ್ಳ ಹಿಂಡಿಯ ಡಬ್ಬಿ ಬಂತು. ಮಿಕ್ಸರು ತಿರುಗಿತು, ಒಪ್ಪತಕ್ಕದ್ದೇ, ಮನೆಯಲ್ಲಿ ತಿರುಗುವಷ್ಟೇ ಸೊಗಸಾಗಿ; ನಿಶ್ಶಬ್ದವೆಂಬುದು ಇನ್ವರ್ಟರಿಗೆ ಮಾತ್ರ ಅನ್ವಯಿಸುವ ಗುಣವಾದ್ದರಿಂದ ಮಿಕ್ಸರಿನ ಆರ್ಭಟಕ್ಕೆ ಬೆಳೆಯಲ್ಲಿದ್ದ ಹಕ್ಕಿಗಳೆಲ್ಲ ಎದ್ದು ಹೋದವು. ಹದವಾಗಿ ಕುಟ್ಟಿದ್ದ ಹಿಂಡಿಯು ಅರ್ಧ ನಿಮಿಷದಲ್ಲಿ ಎಣ್ಣೆ ಬಿಟ್ಟು ಮುದ್ದೆಯಾಯಿತು. ಬೀಗರು ಅದನ್ನು ರೊಟ್ಟಿಗೆ ಹಚ್ಚಿಕೊಂಡು ನಾಲ್ಕು ಸಲ ತಲೆದೂಗಿದರು; ಸೋತವರ ಸೌಜನ್ಯ ಅದು. ಸುತ್ತಲಿನ ಹೊಲಗಳವರು ಮೊಬೈಲುಗಳನ್ನು ಹಿಡಿದು ಬರತೊಡಗಿದರು. "ಕಾಕಾ, ನಂದೊಂದ್ ಹಚ್ರಿ" ಎನ್ನುವ ಹುಡುಗರಿಗೆ ಸಾಹುಕಾರರು ಸೀಟಿನ ಮೇಲೆ ಆಸೀನರಾಗಿ, ಯಾರದು ಎಷ್ಟು ಪರ್ಸೆಂಟು ಇದೆಯೆಂದು ವಿಚಾರಿಸಿ, ಪಾಳಿ ಹಚ್ಚಿ, ಪ್ಲಗ್ಗುಗಳನ್ನು ದಯಪಾಲಿಸುತ್ತಿದ್ದರು. ಅವರ ಮುಖದಲ್ಲಿ ಅಂದಿದ್ದ ಪ್ರಸನ್ನತೆಯನ್ನು ನಾನು ಅವರ ಮಗಳ ಮದುವೆಯಲ್ಲಿಯೂ ಕಂಡಿರಲಿಲ್ಲ.

ಅಷ್ಟರಲ್ಲಿ ಪಂಪಸೆಟ್ಟಿನ ಖೋಲಿಯಲ್ಲಿ ಆಟೋ ಸ್ಟಾರ್ಟರು ಠಕ್ಕೆಂದಿತು. ರಾತ್ರಿಯ ಪಾಳಿಯ ತ್ರೀಫೇಸು ಹಾಡುಹಗಲಲ್ಲಿ ಬಂದುಬಿಟ್ಟಿತ್ತು. ಮೋಟರು ಹಿಡಿದು, ದಂಡೆಯ ಪೈಪಿನಿಂದ ತೊಡೆಗಾತ್ರದ ನೀರು ಹೊರನುಗ್ಗಿದ್ದೇ ತಡ, "ನೀರ ಬಂತೂ!" ಎಂದು ಹುಡುಗರು ಅಂಗಿ ಕಳಚುತ್ತ ಓಡಿದರು, ಹಿರಿಯರು ಪ್ಲಗ್ಗುಗಳಿಂದ ಮೊಬೈಲುಗಳನ್ನು ಕಿತ್ತು ಖೋಲಿಯ ಬೋರ್ಡಿನ ಕಡೆಗೆ ನಡೆದರು, ಬೀಗರು ಕೂಡ, ನೀರಿನ ಜೋರು ಎಷ್ಟಿದೆಯೆಂದು ನೋಡುವ ನೆವದಿಂದ, ಎದ್ದು ಹೋದರು. ಜೀಪಿನ ಬಳಿ ಉಳಿದವರು ಸಾಹುಕಾರರು, ಗಾಳಿಕಂಡಿಗೆ ಒರಗಿದ ನಾಯಿ, ಮತ್ತು ಎರಡನೆಯ ರೊಟ್ಟಿಯನ್ನು ಮುಗಿಸುತ್ತಿದ್ದ ನಾನು.

ಅವರು ಫೋನು ತೆಗೆದು ಲೈನ್‌ಮನ್ನನಿಗೆ ಹಚ್ಚಿದರು.

"ಏ ತಮ್ಮಾ, ನಮ್ಮ ಪಾಳಿ ರಾತ್ರಿ ಐತಿ. ಹಗಲಿ ಯಾಕ ಕೊಟ್ಟಿ ಕರೆಂಟ?"

"ಸಾವಕಾರ‍್ರ, ಚರಗದ ದಿವಸ ಹೊಲಕ್ಕ ಹಗಲಿ ಕರೆಂಟ ಬೇಕಂತ ಹ್ವಾದ ವರ್ಷ ನೀವ ಅರ್ಜಿ ಕೊಟ್ಟಿದ್ರೆಲ್ರಿ. ಅದು ಈಗ ಮಂಜೂರಾಗೇತ್ರಿ."

"ಆ ಅರ್ಜಿ ನಾ ವಾಪಸ್ ತಗೋತೀನಿ. ಮೊದಲ ಬಂದ್ ಮಾಡು!"