ಗಾಜಿನ ಮುಖ

(ಅರಳಗುಪ್ಪೆ. ಹಳೆಯ ಹೆಂಚಿನ ಕಚೇರಿ. ಇಂಜಿನಿಯರ್ ಕೈಯಲ್ಲಿ ಟೇಪು. ಕೊಬ್ಬರಿ ದುಡ್ಡು ವಿಚಾರಿಸಲು ಬಂದ ಅಜ್ಜ ಜಗಲಿ ಮೇಲೆ.)

ಅಜ್ಜ: ಏನ್ ಸ್ವಾಮಿ, ಕೆಡವ್ತೀರಾ?

ಇಂಜಿನಿಯರ್: ಇಲ್ಲಜ್ಜ, ಹೊಸ ರೂಪ. ಮುಂದೆಲ್ಲಾ ಗಾಜು. ಕರೆಂಟು ಉಳಿಸೋ ಯೋಜನೆ!

ಅಜ್ಜ: ಇಳಿಬಿಸಿಲು ಗಾಜಿಗೆ ಹೊಡೆದ್ರೆ ಒಳಗಿರೋರು ಬೇಯಲ್ವಾ?

ಇಂಜಿನಿಯರ್: ಅದಕ್ಕೇ ಏಸಿ. ಐದು ಸ್ಟಾರಿಂದು!

ಅಜ್ಜ: ಕಣ್ಣು ಕುಕ್ಕಲ್ವಾ?

ಇಂಜಿನಿಯರ್: ದಪ್ಪ ಪರದೆ ಬರ್ತದೆ.

ಅಜ್ಜ: ಕತ್ಲಾಗಲ್ವಾ?

ಇಂಜಿನಿಯರ್: ಎಲ್‌ಇಡಿ ಇದೆಯಲ್ಲ, ಕರೆಂಟೇ ತಿನ್ನಲ್ಲ!

ಅಜ್ಜ: ಈಗ ಹಗಲೊತ್ತು ಎಷ್ಟು ಲೈಟು ಉರೀತವೆ?

ಇಂಜಿನಿಯರ್: ಒಂದೂ ಇಲ್ಲ. ಉಳಿಸ್ಬೇಕಂದ್ರೆ ಮೊದ್ಲು ಉರಿಸ್ಬೇಕಲ್ಲಜ್ಜ!

(ಈ ತರ್ಕಕ್ಕೆ ಟೆಂಡರಿನಲ್ಲಿ ಪ್ರತ್ಯೇಕ ಕಾಲಂ ಇರುತ್ತದೆ.)

ಅಜ್ಜ: ಏಸಿ ಎಷ್ಟಕ್ಕಿಡ್ತೀರಿ?

ಇಂಜಿನಿಯರ್: 2020ರಿಂದ ಕಂಪನಿಯೋರೇ 24 ಡಿಗ್ರಿಗೆ ಹೊಂದಿಸಿ ಕಳಿಸ್ಬೇಕು ಅಂತ ನಿಯಮ. ಸಾಹೇಬ್ರು 18ಕ್ಕೆ ಇಳಿಸಿ ಶಾಲು ಹೊದ್ಕೊಳ್ತಾರೆ.

ಅಜ್ಜ: ನಮ್ಮ ಕಲ್ಲೇಶ್ವರನ ಗುಡಿ ಒಳಗೆ ಹೋಗಿದ್ರಾ? ಒಂಬತ್ತನೇ ಶತಮಾನದ್ದು, ನೊಳಂಬರ ಕಾಲದ್ದು. ಚಾವಣೀಲಿ ಶಿವ ಕುಣೀತವ್ನೆ, ಸುತ್ತ ಎಂಟು ದಿಕ್ಕಿನೋರು. ಬ್ಯಾಸಗೇಲೂ ತಣ್ಣಗದೆ.

ಇಂಜಿನಿಯರ್: ಅದಕ್ಕೆ ಸ್ಟಾರ್ ಎಷ್ಟಜ್ಜ?

ಅಜ್ಜ: ಸ್ಟಾರ್ ಕೊಡೋರು ಇನ್ನೂ ಹುಟ್ಟಿರಲಿಲ್ಲ ಕಣಪ್ಪ. ಹೋಗ್ಲಿ, ಒಡೆದ ಹೆಂಚು ಬದ್ಲಾಯಿಸಿ, ಕಿಟಕಿಗೆ ಸಜ್ಜಾ ಇಳಿಸಿ. 75 ವ್ಯಾಟಿನ ಹಳೇ ಫ್ಯಾನ್ ತೆಗ್ದು ಬಿಎಲ್‌ಡಿಸಿ ಹಾಕಿದ್ರೆ 30ರ ಆಸುಪಾಸಿಗೆ ಬರ್ತದೆ ಅಂತಾನೆ ನನ್ ಮೊಮ್ಮಗ.

ಇಂಜಿನಿಯರ್: ಅಷ್ಟೇ ಮಾಡಿದ್ರೆ ಬಿಲ್ಲು ಬಹಳ ಕಮ್ಮಿಯಾಗ್ತದಲ್ಲಜ್ಜ!

ಅಜ್ಜ: ಒಳ್ಳೇದಲ್ವಾ? ಕರೆಂಟ್ ಬಿಲ್ಲು ತಾನೇ?

ಇಂಜಿನಿಯರ್: ಅಲ್ಲ, ಕಂಟ್ರಾಕ್ಟರ್ ಬಿಲ್ಲು.